ಆಟೀನ್ ರಾಣಿಯ ಬಲಗಡೆ

ಆ ದಿನವೂ ನನ್ನ ಕೆಲಸ ಶುರುವಾದದ್ದು ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕುವುದರಿಂದಲೇ. ಹತ್ತಿಕಟ್ಟಿಗೆ ಬೇಗ ಹೊತ್ತಿಕೊಂಡು ಬೇಗ ಆರಿಹೋಗುತ್ತದೆ; ಹಂಡೆ ಕಾಯುವವರೆಗೆ ಅದರ ಮುಂದಿನಿಂದ ಏಳುವಂತಿಲ್ಲ. ಹಾಗೆ ಕುಳಿತಲ್ಲಿಂದಲೇ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಬೆಳಗೆಲ್ಲ ನನಗೆ ಕೇಳಿಸುತ್ತಿತ್ತು. ಬೀದಿ ನಲ್ಲಿಯ ಹತ್ತಿರ ಕೊಡಗಳ ಸದ್ದು, ಯಜಮಾನರು ಸೈಕಲ್ಲಿಗೆ ಗಾಳಿ ಹಾಕುವ ಸದ್ದು, ಒಳಗೆ ನಾದಿನಿ ಜೋಳದ ರೊಟ್ಟಿ ಬಡಿಯುವ ಸದ್ದು. ಅಂದು ರೊಟ್ಟಿಯ ಬಡಿತ ಎಂದಿಗಿಂತ ಜೋರಾಗಿತ್ತು.

ಅತ್ತೆಯವರು ಸ್ನಾನಕ್ಕೂ ಮುಂಚೆ ಒಂದು ಬಟ್ಟಲು ಹಿಡಿದುಕೊಂಡು, "ಹೆಪ್ಪು ಇಸಗೊಂಡು ಬರ್ತೀನಿ" ಎಂದು ಪಕ್ಕದ ಮನೆಗೆ ಹೋದರು. ನೆಲುವಿನ ಮೇಲೆ ರಾತ್ರಿಯ ಮೊಸರು ಇನ್ನೂ ಇತ್ತು. ಹೇಳೋಣವೆಂದುಕೊಂಡೆ, ಅಷ್ಟರಲ್ಲಿ ಅವರು ಬಾಗಿಲು ದಾಟಿಯಾಗಿತ್ತು. ಸಾಕಷ್ಟು ಹೊತ್ತಾದ ಮೇಲೆ ಬಂದರು. ಬಟ್ಟಲು ಹೋದ ಹಾಗೆಯೇ ಬರಿದಾಗಿತ್ತು.

"ಅವರ ಮನ್ಯಾಗೂ ಇಲ್ಲಂತ" ಎಂದರು. ಎಮ್ಮೆ ಕಟ್ಟಿದವರ ಮನೆ ಅದು. ನನಗೆ ಸ್ವಲ್ಪ ವಿಚಿತ್ರವೆನಿಸಿತು. ಆದರೆ ಅಂದು ಅದಕ್ಕಿಂತ ದೊಡ್ಡ ಚಿಂತೆ ಮನೆಯಲ್ಲಿತ್ತು.

ನಾದಿನಿ ಟೀಚರ್ ಟ್ರೇನಿಂಗ್ ಮುಗಿಸಿದ್ದಳು. ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳಿಗೆ ಕೆಲಸವಾಗಿತ್ತು, ಸೋಮವಾರ ಹಾಜರಾಗಬೇಕು. ಅದೇ ಹೊತ್ತಿಗೆ ಕುರುಗೋಡಿನಿಂದ ಒಂದು ಸಂಬಂಧವೂ ಬಂದಿತ್ತು. ಹತ್ತಿ ವ್ಯಾಪಾರದ ಮನೆ, ಕೆಟ್ಟ ಜನರೇನಲ್ಲ, ಆದರೆ ಕೆಲಸಕ್ಕೆ ಹೋಗುವ ಸೊಸೆ ಅವರಿಗೆ ಬೇಡ. ತಂದದ್ದು ಅತ್ತೆಯವರ ಅಣ್ಣ. ನನ್ನ ಮಾವನವರು ತೀರಿಕೊಂಡ ಮೇಲೆ ಮನೆಯ ಶುಭಕಾರ್ಯಗಳಲ್ಲಿ ಆ ಸೋದರಮಾವನ ಮಾತಿಗೆ ಎದುರಿರಲಿಲ್ಲ. ಹೂಂ ಅಥವಾ ಉಹೂಂ, ಉತ್ತರ ತೆಗೆದುಕೊಂಡು ಹೋಗಲು ಅವರು ಅಂದೇ ಬರುವವರಿದ್ದರು. ಯಜಮಾನರು, "ಅವ್ವ ಏನಂತಾಳೋ ಅದು" ಎಂದು ಹೇಳಿ ಸೈಕಲ್ ಹತ್ತಿದರು. ಅತ್ತೆಯವರೋ ಎಂಟು ದಿನದಿಂದ ಬಾಯಿ ಬಿಟ್ಟಿರಲಿಲ್ಲ.

ನಾದಿನಿ ಮಾತ್ರ ಒಲೆಯ ಮುಂದೆ ನನಗೆ ಹೇಳಿದ್ದಳು: "ಅತ್ತಿಗಿ, ನಾ ಅಳಂಗಿಲ್ಲ, ಕರಿಯಂಗಿಲ್ಲ. ಸೋಮವಾರ ಬಸ್ ಹತ್ತಾಕಿ ನಾನು. ಆದ್ರ ಅವ್ವನ ಕಡೆ ಹೂಂ ಅನಿಸಿಕೊಂಡಾ ಹತ್ತಾಕಿ."

ಸೋದರಮಾವ ಮೊದಲ ಬಸ್ಸಿಗೇ ಬಂದರು. ರುಮಾಲಿನ ಮೇಲೆ ಕೆಂಪು ಧೂಳು ಕುಳಿತಿತ್ತು. ಅತ್ತೆ ಅವರಿಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ಮೂರನೆಯ ಬಜ್ಜಿಯಾದ ಮೇಲೆ ಮಾವ ಮಾತು ತೆಗೆದರು.

"ಏನಂತೀ ತಂಗೆವ್ವಾ? ಅವರು ಇವತ್ತು ಮಾತು ಕೇಳ್ತಾರ."

ಅತ್ತೆ ಸೆರಗಿನಿಂದ ತಟ್ಟೆಯ ಅಂಚು ಒರೆಸುತ್ತ, "ನನಗೇನು ತಿಳೀತೈತಿ, ಅಣ್ಣಾ. ಸೊಸಿ ಕಡಿಂದ ಎಲಿ ಹಾಕಿಸಿ ನೋಡೂಣು" ಎಂದರು.

ನಾನು ಬೆಚ್ಚಿದೆ. ಎಲೆ ಎಂದರೆ ನನ್ನ ಇಸ್ಪೀಟು ಎಲೆಗಳು. ದಂಡು ಪ್ರದೇಶದ ಕಾನ್ವೆಂಟಿನಲ್ಲಿ ಓದುವಾಗ ನಮಗೆ ಕ್ರೋಶಾ ಹೆಣಿಗೆ ಕಲಿಸಲು ಒಬ್ಬ ರೈಲ್ವೆ ಗಾರ್ಡಿನ ಹೆಂಡತಿ ಬರುತ್ತಿದ್ದರು, ಆಂಗ್ಲೋ ಇಂಡಿಯನ್ ಹೆಂಗಸು. ಶನಿವಾರ ಅವರ ಮನೆಗೆ ಹೋದರೆ ಹೆಣಿಗೆಯ ಜೊತೆಗೆ ಎಲೆ ಹಾಕಿ ಭವಿಷ್ಯ ನೋಡುವುದನ್ನೂ ಹೇಳಿಕೊಡುತ್ತಿದ್ದರು. ಇದು ನಮ್ಮ ಸಿಸ್ಟರುಗಳಿಗೆ ಗೊತ್ತಾಗಿದ್ದರೆ ನನ್ನನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು. ಅತ್ತೆಯವರು ಅವನ್ನು "ಜೂಜಿನ ಎಲಿ" ಎನ್ನುತ್ತಿದ್ದರು. ದೇವರ ಕೋಣೆಯ ಹತ್ತಿರ ತರಲು ಬಿಡುತ್ತಿರಲಿಲ್ಲ. ಅವರೇ ಈಗ ಹಾಕು ಎನ್ನುತ್ತಿದ್ದಾರೆ.

ಸೋದರಮಾವನಿಗೆ ಮಾತ್ರ ಎಲೆಗಳ ಮೇಲೆ ಅಪಾರ ನಂಬಿಕೆ. ಹಿಂದೊಮ್ಮೆ ಅವರ ಹೊಲದ ವ್ಯಾಜ್ಯ ಗೆಲ್ಲುತ್ತದೆಂದು ನಾನು ಎಲೆ ನೋಡಿ ಹೇಳಿದ್ದೆ, ಗೆದ್ದಿತ್ತು. ಅವರು ಮೊಣಕಾಲು ತಟ್ಟಿಕೊಂಡರು: "ಶಾಣ್ಯಾ ಮಾತು! ಹಾಕವಾ, ಕಾನ್ವೆಂಟಿನ ಸೊಸಿ. ಎಲಿ ಹೇಳಿದಂಗ ಆಗಲಿ. ನಾ ಅದಕ್ಕ ಬದ್ಧ."

"ನಾನೂ ಬದ್ಧ" ಎಂದರು ಅತ್ತೆ.

ನಾದಿನಿ ಅಡುಗೆಮನೆಯ ಬಾಗಿಲಲ್ಲಿ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ನಿಂತಿದ್ದಳು. ನನ್ನನ್ನೇ ನೋಡಿದಳು. ನನಗೆ ಅವಳು ಸಿರುಗುಪ್ಪಕ್ಕೆ ಹೋಗಬೇಕಿತ್ತು, ಅದನ್ನು ಮುಚ್ಚಿಡುವುದಿಲ್ಲ. ಎಲೆ ಕಲೆಸುವಾಗ ಒಂದೆರಡನ್ನು ಬೇಕಾದಲ್ಲಿ ಬೀಳಿಸುವುದೂ ಕಷ್ಟವಿರಲಿಲ್ಲ. ಆದರೆ ಮೋಸದಿಂದ ಪಡೆದ ಹೂಂ ಅವಳ ಜೊತೆ ಸಿರುಗುಪ್ಪದವರೆಗೆ ಬರುತ್ತದೆ, ಅಲ್ಲಿಯೇ ಉಳಿಯುತ್ತದೆ. ಬಿದ್ದದ್ದನ್ನು ಬಿದ್ದ ಹಾಗೆ ಓದುವುದೆಂದು ನಿಶ್ಚಯಿಸಿ ಎಲೆಗಳನ್ನು ಸೋದರಮಾವನ ಕೈಯಿಂದಲೇ ಕಲೆಸಿಸಿದೆ.

ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ನಾದಿನಿ ನನ್ನ ಪಕ್ಕಕ್ಕೆ ಬಂದು ಕೂಡಲು ಹೋದಳು. ಅತ್ತೆ ತಡೆದರು.

"ಅಲ್ಲೆಲ್ಲಿ ಕುಂಡ್ರತೀಯೇ? ಮದಿವಿ ಮಾತು ಇದು. ಮೂಡಲಕ್ಕ ಮುಖ ಮಾಡಿ ಕುಂಡ್ರು."

ನಾನು ಕುಳಿತದ್ದು ಮೂಡಣ ಗೋಡೆಗೆ ಬೆನ್ನು ಕೊಟ್ಟು. ಆದ್ದರಿಂದ ನಾದಿನಿ ಜಮಖಾನೆಯ ಆಚೆ ತುದಿಗೆ, ನನ್ನ ಎದುರಿಗೆ ಕುಳಿತಳು. ಅತ್ತೆ ಕಂಬಕ್ಕೆ ಒರಗಿದರು. ಮಾವ ನನ್ನ ಭುಜದ ಮೇಲಿಂದ ಇಣುಕಿದರು.

ಚಿಕ್ಕ ಎಲೆಗಳನ್ನು ತೆಗೆದಿಟ್ಟು, ಆರರಿಂದ ಎಕ್ಕದವರೆಗಿನ ಮೂವತ್ತಾರು ಎಲೆಗಳನ್ನು ನಾಲ್ಕು ಸಾಲಾಗಿ, ಸಾಲಿಗೆ ಒಂಬತ್ತರಂತೆ ಹಾಕಬೇಕು. ಈ ದೊಡ್ಡ ಹಾಸಿನಲ್ಲಿ ಎಲೆಗಿಂತ ಎಲೆ ಬಿದ್ದ ಜಾಗ ಮುಖ್ಯ. ಕೇಳುವವರು ಮದುವೆಯಾಗದ ಹುಡುಗಿಯಾದರೆ ಆಟೀನ್ ರಾಣಿಯೇ ಅವಳು. ರಾಣಿಯ ಬಲಕ್ಕೆ ಇರುವುದು ಬರಲಿರುವುದು, ಎಡಕ್ಕೆ ಇರುವುದು ಆಗಿಹೋದದ್ದು. ಮೇಲಿನದು ತಲೆಯ ಮೇಲಿನ ಭಾರ, ಕೆಳಗಿನದು ಕಾಲ ಕೆಳಗೆ ಅಡಗಿದ್ದು. ಹತ್ತಿರವಿದ್ದದ್ದು ಬೇಗ ತಾಗುತ್ತದೆ, ದೂರವಿದ್ದದ್ದು ತಡವಾಗಿ.

ಆಟೀನ್ ರಾಣಿ ಎರಡನೆಯ ಸಾಲಿನ ನಟ್ಟನಡುವೆ ಬಿದ್ದಳು. ಅವಳ ಬಲಕ್ಕೆ ಅಂಟಿಕೊಂಡು ಡೈಮನ್ ರಾಜ: ಆಸ್ತಿವಂತ ಗಂಡಸು. ಎಡಕ್ಕೆ ಕಳಾವರ್ ಹತ್ತು: ಊರು ಬಿಟ್ಟು ಹೋಗುವುದು. ತಲೆಯ ಮೇಲೆ ಇಸ್ಪೀಟ್ ಒಂಬತ್ತು, ಇಡೀ ಕಟ್ಟಿನಲ್ಲೇ ಕೆಟ್ಟದ್ದು, ಅಳುವಿನ ಎಲೆ. ಕಾಲ ಕೆಳಗೆ ಆಟೀನ್ ಒಂಬತ್ತು, ಮನಸ್ಸಿನ ಆಸೆ.

ನಾನು ಬಯಸಿದ್ದು ಇದಲ್ಲ. ಆದರೂ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ.

ಮಾವ ಹಿಗ್ಗಿದರು. "ನೋಡಿದ್ಯಾ ತಂಗೆವ್ವಾ! ರಾಜ ಬಲಕ್ಕ ಬಂದು ಕುಂತಾನ. ಕುರುಗೋಡಿನಾವನ ಅವ, ಬ್ಯಾರೆ ಯಾರಿದ್ದಾರು? ಊರು ಬಿಡೂದು ಎಡಕ್ಕ, ಅಂದ್ರ ಆಗಿಹೋತು. ಮೊನ್ನೆ ಹುಡುಗಿ ಕುರುಗೋಡಿಗೆ ಬಂದು ಹೋದ್ಲಲ್ಲ, ಅದಾ ಪ್ರಯಾಣ. ಮುಗೀತು!"

ನಾದಿನಿ ಕತ್ತು ಬಗ್ಗಿಸಿ ಎಲೆಗಳನ್ನೇ ನೋಡುತ್ತಿದ್ದಳು. ಅವಳ ಹೆಬ್ಬೆರಳ ಉಗುರಿನ ಸಂದಿಯಲ್ಲಿ ರೊಟ್ಟಿಯ ಹಿಟ್ಟು ಒಣಗಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಆಮೇಲೆ ಆ ಕೈಯನ್ನೇ ಚಾಚಿ ಡೈಮನ್ ರಾಜನ ಮೇಲೆ ಬೆರಳಿಟ್ಟಳು.

"ಅತ್ತಿಗಿ, ಇವ ನಿಮಗ ಬಲಕ್ಕ ಅದಾನ. ನನಗ ಎಡಕ್ಕ ಅದಾನ."

"ಅಂದ್ರ?" ಎಂದರು ಮಾವ.

"ಅಂದ್ರ ನನಗ ಅವ ಆಗಿಹೋದಾವ. ಊರು ಬಿಡೂದು ನನಗ ಬಲಕ್ಕ ಐತಿ. ಕೇಳಾಕಿ ನಾನಲ್ಲೇನು?"

"ಏ, ಸುಮ್ನಿರಾ! ಎಲಿ ಹಾಕಿದಾಕಿ ಕಡಿಂದ ಓದಬೇಕು. ನನ್ನ ವ್ಯಾಜ್ಯ ನೋಡಿದಾಗ ಹಂಗಾ ಓದಿದ್ಯಲ್ಲವಾ, ಸೊಸಿ?"

ಆ ಗಾರ್ಡಿನ ಹೆಂಡತಿಯ ಮನೆಯಲ್ಲಿ ನಾವು ಮೇಜಿನ ಒಂದೇ ಬದಿಗೆ ಅಕ್ಕಪಕ್ಕ ಕುಳಿತಿರುತ್ತಿದ್ದೆವು. ಅಲ್ಲಿ ಮೂಡಲು ಪಡುವಲು ಯಾರೂ ನೋಡುತ್ತಿರಲಿಲ್ಲ. ಯಾರ ಬಲ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ನಾನು ರಾಣಿಯನ್ನೇ ಕೇಳುವವಳ ಹಾಗೆ ಆ ಎಲೆಯನ್ನು ದಿಟ್ಟಿಸಿದೆ. ಎಲೆಯ ಮೇಲಿನ ರಾಣಿಗೆ ಎರಡು ತಲೆ, ಮೇಲೊಂದು ಕೆಳಗೊಂದು. ನನ್ನ ಕಡೆಯ ತಲೆ ಒಂದು ದಿಕ್ಕಿಗೆ ಓರೆಯಾಗಿ ನೋಡಿದರೆ, ನಾದಿನಿಯ ಕಡೆಯ ತಲೆ ಅದಕ್ಕೆ ವಿರುದ್ಧ ದಿಕ್ಕಿಗೆ ನೋಡುತ್ತಿತ್ತು. ರಾಣಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಹೇಳಬೇಕಾದವಳು ನಾನೇ.

ಆಗ ವ್ಯಾಜ್ಯದ ದಿನ ನೆನಪಾಯಿತು.

"ಅವತ್ತು ನೀವು ಮೊಣಕಾಲು ನೋವು ಅಂತ ನನ್ನ ಬಾಜೂಕ ಕಟ್ಟಿ ಮ್ಯಾಲ ಕುಂತಿದ್ರಿ, ಮಾವಾರ. ನಿಮ್ಮ ಬಲ, ನನ್ನ ಬಲ ಒಂದಾ ಇತ್ತು. ನಾ ಓದಿದ್ದು ನಿಮ್ಮ ಕಡಿಂದಾನ. ಇವತ್ತು ಕೇಳಾಕಿ ಆಕಿ. ಆಕಿ ಬಲಾನ ಬಲ."

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಹಿರಿಯರೆದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮಾವ ತಂಗಿಯ ಕಡೆ ತಿರುಗಿದರು. "ಇದೇನು, ಕುಂತಲ್ಲಿ ಹಣೇಬರಾ ಬದಲಾಗತೈತೇನು?"

ಅತ್ತೆ ಕಂಬ ಬಿಟ್ಟು ಎದ್ದರು. ಜಮಖಾನೆಯನ್ನು ಸುತ್ತು ಹಾಕಿ, ಮಗಳ ಪಕ್ಕದಲ್ಲಿ ಕಾಲು ಮಡಚಿ ಮೂಡಲಕ್ಕೆ ಮುಖ ಮಾಡಿ ಕುಳಿತರು.

"ಅಣ್ಣಾ, ಜಾತಕ ನೋಡಾವರು ಬಂದಾವರ ಜಾತಕ ನೋಡ್ತಾರೋ, ತಮ್ಮದೋ? ಸೊಸಿ, ಇತ್ಲಾಗ ಬಾ. ಇಲ್ಲಿಂದ ಓದು."

ನಾನೂ ಎದ್ದು ಹೋಗಿ ನಾದಿನಿಯ ಇನ್ನೊಂದು ಪಕ್ಕಕ್ಕೆ ಕುಳಿತೆ. ಮೂವರೂ ಹೆಂಗಸರು ಒಂದೇ ಸಾಲಿಗೆ ಬಂದೆವು. ಆಚೆ ಬದಿಗೆ ಸೋದರಮಾವ ಒಬ್ಬರೇ ಉಳಿದರು. ಒಂದು ಎಲೆಯನ್ನೂ ಯಾರೂ ಮುಟ್ಟಿರಲಿಲ್ಲ, ಆದರೆ ಹಾಸೆಲ್ಲ ಬೇರೆಯಾಗಿತ್ತು. ರಾಣಿಯ ಬಲಕ್ಕೆ ಕಳಾವರ್ ಹತ್ತು, ಮುಂದಿನ ದಾರಿ. ರಾಜ ಎಡಕ್ಕೆ, ಆಗಿಹೋದವನು. ಆಸೆಯ ಎಲೆ ನೆತ್ತಿಯ ಮೇಲೆ.

"ಈ ಕರೇ ಒಂಬತ್ತು?" ಅತ್ತೆ ಬೆರಳು ತೋರಿಸಿ ಕೇಳಿದರು.

"ಕಾಲಿನ ಕೆಳಗ ಬಂದೈತಿ, ಅತ್ತಿ. ಹೋಗಿಲ್ಲ. ಐತಿ."

"ಇರಲಿ ಬಿಡು. ಅಳು ಎಲ್ಲರಿಗೂ ಐತಿ. ತುಳಕೊಂಡು ನಡಿತಾಳ." ಮಗಳ ಕಡೆ ನೋಡದೆಯೇ ಮುಂದುವರಿಸಿದರು: "ಹೋಗವಾ. ಮೊದಲ ತಿಂಗಳು ನಾನೂ ಬಂದು ಇರ್ತೀನಿ. ಕುರುಗೋಡಿನಾವರಿಗೆ ಹೇಳಣ್ಣಾ, ಎಲಿ ಕೂಡಿ ಬರಲಿಲ್ಲಂತ. ನೀನೂ ಬದ್ಧ ಅಂದೀದಿ."

ಮಾವ ಬಹಳ ಹೊತ್ತು ಎಲೆಗಳನ್ನು ನೋಡಿದರು. ಒಮ್ಮೆ ಕತ್ತು ತಿರುಗಿಸಿ ತಲೆಕೆಳಗಾಗಿಯೂ ನೋಡಲು ಹೋದರು. ಕೊನೆಗೆ ರುಮಾಲು ಕೊಡವಿ, "ಎಲಿ ಅಂದಮ್ಯಾಲ ಎಲಿ. ಹಂಗಾ ಹೇಳ್ತೀನಿ. ಅವರೂ ಸುಮ್ನಾಗ್ತಾರ" ಎಂದು ಇನ್ನೊಂದು ಬಜ್ಜಿ ಕೇಳಿದರು. ನಾದಿನಿಯೇ ತಂದು ಬಡಿಸಿದಳು. ಅಳುವುದಿಲ್ಲ ಎಂದಿದ್ದವಳು ಅಡುಗೆಮನೆಗೆ ಹೋಗಿ ಅತ್ತದ್ದು ನನಗೆ ಗೊತ್ತು. ತಿರುಗಿ ಬಂದಾಗ ರೆಪ್ಪೆಗೆ ಹಿಟ್ಟು ಅಂಟಿತ್ತು.

ಬಿಸಿಲು ಇಳಿದ ಮೇಲೆ ಮಾವ ಬಸ್ಸಿಗೆ ಹೊರಟರು. ನಾದಿನಿ ಬ್ರೂಸ್‌ಪೇಟೆಗೆ ಹೋಗಿ ಎರಡು ಬಿಳಿ ರವಿಕೆ ಬಟ್ಟೆ ತಂದು ಹೊಲಿಯಲು ಕುಳಿತಳು. ಅತ್ತೆ ದೇವರಿಗೆ ದೀಪ ಹಚ್ಚುತ್ತಿದ್ದರು. ನಾನು ಹಿತ್ತಿಲಲ್ಲಿ ಒಣಗಿದ ಸೀರೆಗಳನ್ನು ಮಡಚುತ್ತ, ಎಲೆಗಳು ನಿಜವಾಗಿ ಏನೋ ಕಾಣುತ್ತವೆಯೇ ಎಂದು ಯೋಚಿಸುತ್ತಿದ್ದೆ. ಮೋಟುಗೋಡೆಯ ಆಚೆ ಪಕ್ಕದ ಮನೆಯಾಕೆ ಎಮ್ಮೆಗೆ ಹಿಂಡಿ ಕಲೆಸುತ್ತಿದ್ದರು. ನನ್ನನ್ನು ನೋಡಿ, ಕೈ ತೆಗೆಯದೆಯೇ ಹೇಳಿದರು:

"ಟ್ರಂಕು ಖಾಲಿ ಮಾಡಿ ಇಟ್ಟೀನಿ, ಬಂದು ಒಯ್ರಿ. ಮುಂಜಾನಿ ಎದ್ದಕೂಡ್ಲೇ ನಿಮ್ಮ ಅತ್ತಿ ಬಂದು ಕೇಳಿದ್ರಲ್ಲ, ಮಗಳು ಸಿರುಗುಪ್ಪಕ್ಕ ಹೊಂಟಾಳಂತ. ಚಿಲಕ ಒಂದೀಟು ಬಿಗಿ ಐತಿ, ಎಣ್ಣಿ ಬಿಡ್ರಿ."