ಸೊನ್ನೆಗೂ ಗೈರಿಗೂ ನಡುವೆ ನಿಂತ ಕಳಕಮ್ಮ

ಶ್ರೀರಾಮನಗರ ದಾಟಿ, ಕಾಲುವೆ ದಂಡೆಯಿಂದ ಕೆಳಗಿಳಿದರೆ ಸಿಗುವ ಗದ್ದೆಯ ಬದುವಿನ ಮೇಲೆ ಕಳಕಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದಾರೆ. ಎಂಟು ಗಂಟೆ ದಾಟಿದೆ. ಕೆಸರಿನಲ್ಲಿ ನಾಟಿಯ ಹೆಂಗಸರ ಗುಂಪು ಆಗಲೇ ಬಗ್ಗಿ ನಿಂತಿದೆ. ಸೀರೆಯ ಮೇಲೊಂದು ಗಂಡಸರ ಅಂಗಿ, ತಲೆಗೊಂದು ಟವೆಲ್ಲು. ಹಿಂದಿನಿಂದ ನೋಡಿದರೆ ಅತ್ತೆ ಯಾರು, ಸೊಸೆ ಯಾರು ಗೊತ್ತಾಗುವುದಿಲ್ಲ. ಕಳಕಮ್ಮನಿಗೆ ಬೇಕಾದವಳು ಅವರಲ್ಲಿ ಒಬ್ಬಳೇ: ಶೈಲಶ್ರೀ, ಬಿ.ಕಾಂ. ನಾಲ್ಕನೇ ಸೆಮಿಸ್ಟರ್. ಹತ್ತು ಗಂಟೆಗೆ ಗಂಗಾವತಿಯ ಕಾಲೇಜಿನಲ್ಲಿ ಅವಳಿಗೆ ಕಾಸ್ಟ್ ಅಕೌಂಟಿಂಗ್ ವಿಷಯದ ಮರು ಕಿರುಪರೀಕ್ಷೆ ಇದೆ. ಹುಡುಗಿಯ ಫೋನು ನಿನ್ನೆಯಿಂದ ಸ್ವಿಚ್ ಆಫ್.

ಕಳಕಮ್ಮ ಪಾಠ ಹೇಳುವವರಲ್ಲ. ಆ ಖಾಸಗಿ ಪದವಿ ಕಾಲೇಜಿನಲ್ಲಿ ಗುತ್ತಿಗೆಯ ಮೇಲಿರುವ ಅಟೆಂಡರ್. ಕೋಣೆಗಳ ಬೀಗ ತೆಗೆಯುವುದು, ಕಸ ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು, ನೋಟಿಸ್ ಅಂಟಿಸುವುದು ಅವರ ಕೆಲಸ. ಹನ್ನೊಂದು ವರ್ಷದಿಂದ ಅದೇ. ಗದ್ದೆಗೆ ಇಳಿದು ವಿದ್ಯಾರ್ಥಿನಿಯರನ್ನು ಹುಡುಕಿ ತರಬೇಕೆಂದು ಅವರಿಗೆ ಯಾರೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ನಾಟಿ ಬಂತೆಂದರೆ ಬೆಳಿಗ್ಗೆ ಮೂರು ಹಳ್ಳಿ ಸುತ್ತಿಯೇ ಕಾಲೇಜಿನ ಬೀಗಕ್ಕೆ ಕೈ ಹಾಕುವುದು ಅವರ ರೂಢಿ.

ಗ್ರೇಡಿನ ಲೆಕ್ಕವನ್ನು ಒಂದಿಷ್ಟು ಬಿಡಿಸಿ ಹೇಳದಿದ್ದರೆ ಈ ಓಟ ಅರ್ಥವಾಗುವುದಿಲ್ಲ. ಒಂದು ವಿಷಯಕ್ಕೆ ನೂರು ಅಂಕ. ಅರವತ್ತು ಕೊನೆಯ ಪರೀಕ್ಷೆಗೆ, ನಲವತ್ತು ಕಾಲೇಜಿನಲ್ಲೇ ಕೊಡುವ ಆಂತರಿಕ ಅಂಕಕ್ಕೆ. ಆ ನಲವತ್ತರಲ್ಲಿ ಇಪ್ಪತ್ತು ಕಿರುಪರೀಕ್ಷೆಯದು. ಎಲ್ಲ ಕೂಡಿಸಿ ಬಂದ ಅಂಕವನ್ನು ಹತ್ತರೊಳಗಿನ ಗ್ರೇಡ್ ಪಾಯಿಂಟಿಗೆ ಇಳಿಸುತ್ತಾರೆ. ಅದನ್ನು ವಿಷಯದ ತೂಕಕ್ಕೆ, ಅಂದರೆ ಕ್ರೆಡಿಟ್ಟಿಗೆ ಗುಣಿಸಿ, ಎಲ್ಲ ವಿಷಯಗಳದನ್ನೂ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಸೆಮಿಸ್ಟರಿನ ಸರಾಸರಿ. ಇಂಥ ಆರು ಸೆಮಿಸ್ಟರುಗಳ ಒಟ್ಟು ಸರಾಸರಿಯೇ ಕಡೆಗೆ ಹುಡುಗಿಯ ಯೋಗ್ಯತೆ ಎಂದು ಹಾಳೆಯ ಮೇಲೆ ಅಚ್ಚಾಗುತ್ತದೆ. ಕಿರುಪರೀಕ್ಷೆಗೆ ಬಂದು ಸೊನ್ನೆ ತೆಗೆದವರೂ ಕೊನೆಯ ಪರೀಕ್ಷೆಯಲ್ಲಿ ಬೆವರು ಸುರಿಸಿ ದಡ ಮುಟ್ಟಬಹುದು. ಬಾರದವರ ಕತೆಯೇ ಬೇರೆ. ಅವರ ಹೆಸರಿನ ಮುಂದೆ ಸೊನ್ನೆ ಬೀಳುವುದಿಲ್ಲ, 'ಗೈರು' ಎಂದು ಬೀಳುತ್ತದೆ. ಇವರ ವಿಶ್ವವಿದ್ಯಾಲಯದ ನಿಯಮದಂತೆ ಗೈರಾದವರು ಆ ವಿಷಯದ ಕೊನೆಯ ಪರೀಕ್ಷೆಗೇ ಕೂರುವಂತಿಲ್ಲ. ಅದು ಮುಂದಿನ ವರ್ಷಕ್ಕೆ ಬಾಕಿ. ಬಾಕಿ ಮೂರಾದರೆ ಮೂರನೇ ವರ್ಷಕ್ಕೆ ಪ್ರವೇಶವಿಲ್ಲ. ಶೈಲಶ್ರೀಗೆ ಮೊದಲ ವರ್ಷದ ಎರಡು ವಿಷಯಗಳು ಆಗಲೇ ಬಾಕಿ ಇವೆ. ಅಂಕ ತುಂಬುವ ಪೋರ್ಟಲ್ ಇವತ್ತು ಸಂಜೆ ಐದಕ್ಕೆ ಮುಚ್ಚುತ್ತದೆ.

ಈ ಗುಣಾಕಾರ, ಭಾಗಾಕಾರ ಕಳಕಮ್ಮನಿಗೆ ಬರುವುದಿಲ್ಲ, ಬರುತ್ತದೆಂದು ಹೇಳಿಕೊಳ್ಳುವುದೂ ಇಲ್ಲ. ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ ಏಳನೇ ಇಯತ್ತೆಗೆ ಸಾಲೆ ಬಿಟ್ಟವರು ಅವರು. ಆದರೆ ಗೈರಾದವರ ಪಟ್ಟಿಗೆ ಅಂಟು ಹಚ್ಚಿ ಗೋಡೆಗೆ ಬಡಿಯುವ ಕೈ ಅವರದೇ. ಎರಡು ವರ್ಷದ ಹಿಂದೆ ನವಲಿಯ ಅಮೃತಾ ಎಂಬ ಹುಡುಗಿಯ ಹೆಸರು ಹಾಗೆ ಗೋಡೆಗೆ ಬಿತ್ತು. ತರಗತಿಗೆ ಮೊದಲಿಗಳು, ನಾಟಿಗೆ ಹೋಗಿ ಮೂರು ವಿಷಯಗಳ ಕಿರುಪರೀಕ್ಷೆ ತಪ್ಪಿಸಿಕೊಂಡಿದ್ದಳು. ಒಂದು ವರ್ಷ ಮನೆಯಲ್ಲಿದ್ದು ಬಾ ಎಂದರು. ಅವಳು ಬರಲಿಲ್ಲ.

"ಒಂದು ವರ್ಷ ಮನ್ಯಾಗ ಕುಂತ ಹುಡುಗಿ ತಿರುಗಿ ಕಾಲೇಜಿಗೆ ಬಂದದ್ದು ನಾ ನೋಡಿಲ್ರಿ," ಎನ್ನುತ್ತಾರೆ ಕಳಕಮ್ಮ. "ಗಂಡು ಹುಡುಗರು ಬರ್ತಾರ. ಹೆಣ್ಣು ಹುಡುಗ್ಯಾರಿಗೆ ಮನಿ ಅಂದ್ರ ಕೆಸರಿದ್ದಂಗ, ಕಾಲು ಕಿತ್ತಷ್ಟೂ ಒಳಗ ಹೋಗ್ತೈತಿ."

ಬದುವಿನ ಮೇಲೆ ನಿಂತು ಹೆಸರು ಕೂಗಿದಾಗ ಗುಂಪಿನ ನಡುವಿನ ಒಂದು ತಲೆ ಎದ್ದಿತು, ಎದ್ದಷ್ಟೇ ಬೇಗ ಬಗ್ಗಿತು. ಎದ್ದು ಬಂದವರು ಗುಂಪಿನ ಮುಖ್ಯಸ್ಥೆ ಮುದಕಮ್ಮ. ಅವರ ಗುಂಪು ಎಕರೆಯ ಲೆಕ್ಕದಲ್ಲಿ ನಾಟಿ ಹಿಡಿಯುತ್ತದೆ. ಹಗ್ಗ ಕಟ್ಟಿ ಒಬ್ಬೊಬ್ಬರಿಗೆ ಒಂದೊಂದು ಪಾತಿ ಹಂಚಿದ ಮೇಲೆ ನಡುವೆ ಯಾರೂ ಮೇಲೇರುವಂತಿಲ್ಲ. ಒಬ್ಬಳು ಬಿಟ್ಟ ಪಾತಿ ಉಳಿದವರ ಸೊಂಟಕ್ಕೆ ಬೀಳುತ್ತದೆ. ಬಿಟ್ಟು ಹೋದವಳಿಗೆ ಆ ಹಂಗಾಮಿನಲ್ಲಿ ಮತ್ತೆ ಜಾಗವಿಲ್ಲ. ಶೈಲಶ್ರೀಯ ತಾಯಿಯೂ ಅದೇ ಗುಂಪಿನವರು. ಕಾಲು ಉಳುಕಿ ಮಲಗಿದ್ದರಿಂದ ಮಗಳು ಆ ಜಾಗ ಕಾಯುತ್ತಿದ್ದಾಳೆ. ಮೊದಲ ಕಿರುಪರೀಕ್ಷೆ ತಪ್ಪಿದ್ದೂ ಇದಕ್ಕೇ.

ಕಳಕಮ್ಮ ಕಾಲೇಜಿನ ನಿಯಮ ಹೇಳಿದರು, ಮುದಕಮ್ಮ ಗದ್ದೆಯ ನಿಯಮ ಹೇಳಿದರು. ಎರಡೂ ಜಗ್ಗುವಂಥವಲ್ಲ. ಇತ್ತ ದರಿ, ಅತ್ತ ಪುಲಿ ಎಂಬಂತೆ ಹುಡುಗಿ ಸಸಿಯ ಕಟ್ಟು ಹಿಡಿದು ನಿಂತಲ್ಲೇ ನಿಂತಳು. ಮುದಕಮ್ಮ ಕೆಟ್ಟವರೇನಲ್ಲ. ತಮ್ಮ ಗುಂಪಿನ ಹಳೆಯ ಪದ್ಧತಿಯೊಂದನ್ನು ಮುಂದಿಟ್ಟರು.

"ಒಂದು ಕೈ ತಗದ್ರ ಒಂದು ಕೈ ಇಡಬೇಕ್ರಿ. ಆಳು ಬದಲಿ ಕೊಡ್ರಿ, ಕರ್ಕೊಂಡು ಹೋಗ್ರಿ."

ಆ ಹೊತ್ತಿನಲ್ಲಿ ಬದಲಿ ಆಳು ಎಲ್ಲಿಂದ ಬರಬೇಕು? ಹಂಗಾಮಿನಲ್ಲಿ ಊರಿನ ಕೈಗಳೆಲ್ಲ ಕೆಸರಿನಲ್ಲೇ ಇರುತ್ತವೆ. ಕಳಕಮ್ಮ ಚಪ್ಪಲಿ ಬದುವಿನ ಮೇಲಿಟ್ಟರು. ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಅದರ ಪಕ್ಕಕ್ಕಿಟ್ಟರು. ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದರು.

ಹುಡುಗಿ ಆಗ ಬೇರೆಯೇ ರಾಗ ತೆಗೆದಳು. ಹದಿನೈದು ದಿನದಿಂದ ಪುಸ್ತಕ ಮುಟ್ಟಿಲ್ಲ, ಹೋಗಿ ಏನು ಬರೆಯಲಿ, ಮಾನ ಹೋಗುತ್ತದೆ ಎಂದಳು. ಕಳಕಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಓದಿಲ್ಲಂದ್ರ ಸೊನ್ನಿ ತಗೊ. ಸೊನ್ನಿ ಬ್ಯಾರೆ, ಗೈರ ಬ್ಯಾರೆ. ಸೊನ್ನಿ ತಗೊಂಡಾಕಿ ಕಾಲೇಜಿನ್ಯಾಗ ಇರ್ತಾಳ. ನೀ ಕುಂತು ಬರಿ ಹೆಸರು ಬರದು ಬಾ, ಸಾಕು."

ದಂಡೆಯ ಮೇಲೆ ಮೌಲಾಹುಸೇನರ ಆಟೊ ಕಾಯುತ್ತಿತ್ತು. ಕಳಕಮ್ಮನನ್ನು ನಸುಕಿನಿಂದ ಹಳ್ಳಿ ಸುತ್ತಿಸಿ ಇಲ್ಲಿಗೆ ಕರೆತಂದವರು ಅವರೇ. ಕಾಲು ತೊಳೆಯುವಷ್ಟೂ ಪುರುಸೊತ್ತಿಲ್ಲದೆ ಹುಡುಗಿ ಓಡಿ ಹತ್ತಿದಳು.

ಈಗ ಕಳಕಮ್ಮನ ಪಾಡು ಕೇಳಿ. ಹುಟ್ಟಿದ್ದು ಒಣಬೇಸಾಯದ ನೆಲದಲ್ಲಿ. ಸಜ್ಜೆ, ಜೋಳ, ಕಡಲೆ ಬಿಟ್ಟರೆ ಬೇರೆ ಬೆಳೆ ಮುಟ್ಟಿದವರಲ್ಲ. ಗಂಗಾವತಿಗೆ ಬಂದು ಇಷ್ಟು ವರ್ಷವಾದರೂ ನೆಟ್ಟಿದ್ದು ಕಾಲೇಜಿನ ಕುಂಡದ ಗಿಡ ಮಾತ್ರ. ಒಂದು ಹೆಜ್ಜೆ ಕಿತ್ತರೆ ಇನ್ನೊಂದು ಹೂತುಹೋಗುತ್ತದೆ. ಆಳವಾಗಿ ಊರಿದ ಸಸಿ ಮುಳುಗುತ್ತದೆ, ಮೇಲೆ ಊರಿದ್ದು ತೇಲುತ್ತದೆ. ಪಕ್ಕದ ಹೆಂಗಸರು ಮೊದಲು ನಕ್ಕರು. ಆಮೇಲೆ ಕಳಕಮ್ಮನ ಪಾತಿ ಹಿಂದೆ ಬಿದ್ದುದನ್ನು ನೋಡಿ, ಅತ್ತ ಇತ್ತಲಿನವರು ಎರಡೆರಡು ಸಾಲು ತಾವೇ ಎಳೆದುಕೊಂಡರು.

ಒಂಬತ್ತರ ಸುಮಾರಿಗೆ ಬದುವಿನ ಮೇಲೆ ಫೋನು ಹೊಡೆದುಕೊಂಡಿತು. ಗದ್ದೆಯ ನಡುವಿದ್ದ ಕಳಕಮ್ಮ ತಲೆಯೆತ್ತಿದರು. ಮುದಕಮ್ಮ ಅವರತ್ತ ನೋಡಿದರು, ಅಷ್ಟೇ. ಫೋನು ನಿಂತಿತು. ಮತ್ತೆ ಹೊಡೆದುಕೊಂಡಿತು, ಮತ್ತೆ ನಿಂತಿತು. ಮೇಲೇರಿದರೆ ಕೊಟ್ಟ ಮಾತು ಹೋಯಿತು, ಹುಡುಗಿಯ ತಾಯಿಯ ಜಾಗವೂ ಹೋಯಿತು. ಬಗ್ಗಿಯೇ ಇದ್ದರು. ಕೈ ಸಸಿ ಊರುತ್ತಿತ್ತು, ಜೀವ ಮಾತ್ರ ಆ ಕರವಸ್ತ್ರದ ಗಂಟಿನಲ್ಲಿತ್ತು.

ಊಟಕ್ಕೆ ಬಿಟ್ಟಾಗ ನೋಡಿದರೆ ಎರಡು ಮಿಸ್ಡ್ ಕಾಲ್, ಎರಡೂ ಮೌಲಾಹುಸೇನರವು. ತಿರುಗಿ ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗೆ ಎಂಬ ಉತ್ತರ. ಕಾಲೇಜಿಗೆ ಹಚ್ಚಿದರೆ ಎತ್ತುವವರಿಲ್ಲ. ಆಫೀಸಿನ ಫೋನು ಎತ್ತುವ ಕೆಲಸವೂ ಕಳಕಮ್ಮನದೇ ಅಲ್ಲವೇ. ಮುದಕಮ್ಮ ಬುತ್ತಿ ಬಿಚ್ಚಿ ರೊಟ್ಟಿ ಮುಂದಿಟ್ಟರು. ಕಳಕಮ್ಮ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು ಹಿಡಿದು ಕೂತರು.

ಒಂದು ಗಂಟೆಗೆ ಗೆಳತಿಯೊಬ್ಬಳ ಫೋನಿನಿಂದ ಶೈಲಶ್ರೀಯ ಕರೆ ಬಂತು. ಹುಡುಗಿ ಹೇಳಿದ್ದಿಷ್ಟು. ಕಾಲುವೆಯ ಸೇತುವೆ ದಾಟುವಾಗ ಆಟೊದ ಟೈರು ಪಂಚರ್ ಆಯಿತು. ಮೌಲಾಹುಸೇನರು ಕಳಕಮ್ಮನಿಗೆ ಫೋನು ಹಚ್ಚಿ ಸೋತು, ಕಡೆಗೆ ಹಾಲಿನ ವ್ಯಾನೊಂದಕ್ಕೆ ಅಡ್ಡ ನಿಂತು ಅವಳನ್ನು ಹತ್ತಿಸಿದರು. ಕಾಲೇಜು ಮುಟ್ಟಿದಾಗ ಪರೀಕ್ಷೆ ಶುರುವಾಗಿತ್ತು. ಬಾಗಿಲಲ್ಲಿ ನಿಂತವರು ಆಂತರಿಕ ಅಂಕಗಳ ಉಸ್ತುವಾರಿಯ ತಿರುಮಲೇಶ ಸರ್. ತಡವಾಗಿ ಬಂದವರನ್ನು ಒಳಗೆ ಬಿಡುವ ಅಭ್ಯಾಸ ಅವರಿಗಿಲ್ಲ. ಮೊಣಕಾಲಿನವರೆಗೆ ಒಣಗಿದ ಕೆಸರು ನೋಡಿ, ಯಾರು ಕಳಿಸಿದ್ದು ಎಂದು ಕೇಳಿದರು. ಕಳಕಮ್ಮಕ್ಕ ಗದ್ದೆಯಲ್ಲಿದ್ದಾರೆ ಎಂದಳು. ಅವರು ಬಾಗಿಲು ಬಿಟ್ಟು ಸರಿದು ನಿಂತರು.

ಕಳಕಮ್ಮ ಉಳಿದ ಪಾತಿ ಮುಗಿಸಿಯೇ ಮೇಲೇರಿದ್ದು. ಸೊಂಟ ಹಿಡಿದುಕೊಂಡು ಬಸ್ಸಿನಲ್ಲಿ ನಿಂತೇ ಬಂದು, ನಾಲ್ಕೂವರೆಗೆ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲು ಹಿಡಿದು ನಿಂತರು. ತಿರುಮಲೇಶ ಸರ್ ಉತ್ತರಪತ್ರಿಕೆ ತಿದ್ದಿ ಪೋರ್ಟಲ್ ಮುಂದೆ ಕೂತಿದ್ದರು. ನೆಟ್‌ವರ್ಕ್ ಎಂದಿನಂತೆ ಆಟವಾಡುತ್ತಿತ್ತು. ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇತ್ತು. ಕಳಕಮ್ಮನಿಗೆ ಕೂರಲು ಹೇಳಿದರು, ಅವರು ಕೂರಲಿಲ್ಲ. ಕಡೆಗೊಮ್ಮೆ ಪರದೆ ತೆರೆಯಿತು. ಶೈಲಶ್ರೀಯ ಹೆಸರಿನ ಮುಂದೆ ಅವರು ಏಳು ಎಂದು ತುಂಬಿದರು. ಇಪ್ಪತ್ತಕ್ಕೆ ಏಳು. ಹೇಳಿಕೊಳ್ಳುವಂಥ ಅಂಕವಲ್ಲ, ಸರಾಸರಿಯನ್ನು ಕೆಳಗೇ ಎಳೆಯುತ್ತದೆ. ಆದರೆ ಹುಡುಗಿ ಕೊನೆಯ ಪರೀಕ್ಷೆಗೆ ಕೂರುತ್ತಾಳೆ. ಕಳಕಮ್ಮ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಏನಾದರೂ ಬೇಕೇ ಎಂದು ಕೇಳಿದರೆ ಅವರಿಗೆ ಪಗಾರ ಹೆಚ್ಚಾಗಲಿ ಎಂಬುದು ಮೊದಲು ನೆನಪಾಗುವುದಿಲ್ಲ. "ಟೈಂಟೇಬಲ್ ಮಾಡೋ ಮುಂದ ಕಾಲುವಿಗೆ ನೀರು ಯಾವಾಗ ಬಿಡ್ತಾರ ಅಂತ ಒಂದು ಮಾತು ಕೇಳ್ರಿ ಅಂತೀನ್ರಿ. ನೀರು ಬಂದ ಹದಿನೈದು ದಿನ ಪರೀಕ್ಷೆ ಇಡಬ್ಯಾಡ್ರಿ. ಇಷ್ಟು ಮಾಡಿದ್ರ ಭಾಳ ಛಲೋ ಆಗ್ತೈತಿ." ಈ ಮಾತನ್ನು ಅವರು ಎರಡು ವರ್ಷದಿಂದ ಪ್ರಿನ್ಸಿಪಾಲರಿಗೆ ಹೇಳುತ್ತಿದ್ದಾರೆ. ನೋಡೋಣ ಎನ್ನುವುದು ಅವರ ಉತ್ತರ.

ಕೋಣೆಗಳಿಗೆ ಬೀಗ ಹಾಕಲು ಹೊರಟವರನ್ನು ತಿರುಮಲೇಶ ಸರ್ ಕರೆದು ನಿಲ್ಲಿಸಿದರು. ಮುಖ ಸಣ್ಣದು ಮಾಡಿಕೊಂಡು ವಿಷಯ ಹೇಳಿದರು: ರಜೆ ಬರೆಯದೆ ಹೋಗಿದ್ದಕ್ಕೆ ಹಾಜರಿ ಪುಸ್ತಕದಲ್ಲಿ ಪ್ರಿನ್ಸಿಪಾಲರು ಕಳಕಮ್ಮನ ಹೆಸರಿನ ಮುಂದೆ ಗೈರು ಎಂದು ಬರೆದಿದ್ದಾರೆ. ತಾವು ಹೋಗಿ ಮಾತಾಡಿ ತಿದ್ದಿಸುವುದಾಗಿಯೂ ಹೇಳಿದರು.

"ಇರಲಿ ಬಿಡ್ರಿ ಸರ್," ಎಂದರು ಕಳಕಮ್ಮ, ಉಗುರಿನ ಸಂದಿಯ ಕೆಸರು ತೆಗೆಯುತ್ತ. "ನಂದು ಗೈರ ಬಿದ್ರ ಒಂದು ದಿನ ಹೋಗ್ತೈತಿ. ಆಕಿದು ಬಿದ್ದಿದ್ರ ಆಕಿನೇ ಹೋಗ್ತಿದ್ಳು."