ಕಪ್ ಮತ್ತು ಕಪ್ಪು

ಮಗಳಿಗೆ ಫೋನಿಕ್ಸ್ ಕಲಿಸಲು ಶುರುಮಾಡಿದ ಮೇಲೆ ಅಂಧೇರಿಯ ನಮ್ಮ ಮನೆಯಲ್ಲಿ ಸಂಜೆಯಾದರೆ ಉಗುಳುವ ಸದ್ದು. ಎ, ಬಿ, ಸಿ ಎಂದು ಹೆಸರು ಹೇಳಿಕೊಡಬೇಡಿ, ಸೌಂಡ್ ಮಾತ್ರ ಹೇಳಿಸಿ ಎಂದು ಸ್ಕೂಲಿನವರ ಅಪ್ಪಣೆ. ಮೊಬೈಲಿನಲ್ಲಿ ಒಬ್ಬಳು ಲಿಪ್‌ಸ್ಟಿಕ್ ಬಳಿದ ಬಾಯಿಯನ್ನು ಪರದೆ ತುಂಬ ಅಗಲಿಸಿ ‘ಪ್, ಪ್, ಟ್, ಟ್’ ಎನ್ನುತ್ತಿದ್ದಳು. ತಾಯಿ ಮಗಳು ಎದುರೆದುರು ಕೂತು ಎಂಜಲು ಹಾರಿಸುತ್ತಿದ್ದೆವು. ಸಿ ಅಕ್ಷರಕ್ಕೂ ‘ಕ್’, ಕೆ ಅಕ್ಷರಕ್ಕೂ ‘ಕ್’. ಯಾಕೆ ಎಂದು ಮಗು ಕೇಳಿದರೆ ನಾನು ಮತ್ತೊಮ್ಮೆ ‘ಕ್’ ಎನ್ನುತ್ತಿದ್ದೆ. ಈ ದರಿದ್ರ ವಿದ್ಯೆಗೆ ಕಾರ್ಡುಗಳ ಪೆಟ್ಟಿಗೆ ಬೇರೆ.

ಮಗಳಿಗೆ ಮಾತ್ರ ಅದು ಹಿಡಿಸಿತ್ತು, ಕಾರಣ ನನ್ನ ಮಾವ. ದಾದರಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆಯುಷ್ಯ ಕಳೆದವರು. ನಮ್ಮ ಹತ್ತಿರ ಅವಳದು ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಅಜ್ಜನ ಹತ್ತಿರ ಮಾತ್ರ ಕನ್ನಡ.

ಒಂದು ಸಂಜೆ ನಾನು ಕುಕ್ಕರ್ ಇಡಲು ಎದ್ದಾಗ ಮಾವ ಕಾರ್ಡು ಹಿಡಿದರು. ಸಿ, ಯು, ಪಿ. ಮಗು ‘ಕ್, ಅ, ಪ್’ ಎಂದು ಬಿಡಿಬಿಡಿಯಾಗಿ ಹೇಳಿತು. ಅವರು ಕೂಡಿಸಿದರು. ನಮ್ಮ ಊರವರ ಬಾಯಿಗೆ ಕೊನೆಯಲ್ಲಿ ಒಂದು ಉಕಾರ ಬೇಕೇ ಬೇಕು. ಬಸ್ಸು, ಲೈಟು, ಸ್ಕೂಲು ಎಂದ ಹಾಗೆ.

“ಕಪ್ಪು,” ಎಂದರು.

“ಕಪ್ಪು ಅಂದ್ರೆ ಬ್ಲ್ಯಾಕ್ ಅಲ್ವಾ ಅಜ್ಜ?”

“ಅದೂ ಹೌದು ಮಗಾ. ಚಾ ಕುಡಿಯುದೂ ಕಪ್ಪೇ.”

ಇಬ್ಬರೂ ನಕ್ಕದ್ದೇ ನಕ್ಕದ್ದು.

ಮರುದಿನ ಸ್ಕೂಲಿನಲ್ಲಿ ಕಪ್‌ನ ಚಿತ್ರಕ್ಕೆ ಬಣ್ಣ ತುಂಬಲು ಕೊಟ್ಟಾಗ ಮಗಳು ಕಪ್ಪು ಕ್ರೇಯಾನ್ ಬಳಿದಿಟ್ಟಳು. ಓದು ಎಂದರೆ ‘ಕಪ್ಪು’ ಎಂದೇ ಓದಿದಳು, ಅಜ್ಜ ಹೇಳಿಕೊಟ್ಟದ್ದು ಎಂದಳು. ಟೀಚರ್ ಆ ಹಾಳೆಯ ಫೋಟೋ ತೆಗೆದು ಪಾಲಕರ ಗ್ರೂಪಿಗೆ ಹಾಕಿದರು. ಹೆಸರಿರಲಿಲ್ಲ, ಸಲಹೆ ಇತ್ತು: ಓದಿಸುವಾಗ ಮನೆಯ ಹಿರಿಯರು ಮಾತೃಭಾಷೆಯ ಉಚ್ಚಾರ ಬೆರೆಸದಂತೆ ನೋಡಿಕೊಳ್ಳಿ. ಅದರ ಕೆಳಗೆ ನಗುವ ಮುಖಗಳ ಸಾಲು. ತಮ್ಮ ತಮ್ಮ ಮನೆಯಲ್ಲೂ ಇಂಥ ಮುದುಕರನ್ನು ಇಟ್ಟುಕೊಂಡ ಜನವೇ ನಕ್ಕದ್ದು. ಥೂ, ನನಗೆ ಹೇಸಿಗೆಯಾಯಿತು. ಪರೇಲಿನ ಆಫೀಸಿನಿಂದ ಬಂದ ಗಂಡ ಅದನ್ನು ತಮಾಷೆಯೆಂದು ತನ್ನ ಅಪ್ಪನಿಗೆ ಓದಿ ಹೇಳಿದ. ಮಾವ ನಗಲಿಲ್ಲ.

ಅಂದಿನಿಂದ ಕಾರ್ಡು ಹೊರತೆಗೆದ ಕೂಡಲೇ ಅವರು ಹೊರಗಿನ ಗ್ಯಾಲರಿಗೆ ಹೋಗಿ ಕೂರತೊಡಗಿದರು. ಮಗು ಕರೆದರೆ, “ಅಮ್ಮನತ್ರ ಕೇಳು, ನಂಗೆ ಬರುದಿಲ್ಲ” ಎನ್ನುವರು. ಬರಬರುತ್ತ ಬೇರೆ ಹೊತ್ತಿನಲ್ಲೂ ಮಾತು ನಿಂತಿತು. ನೀವು ಮಾತಾಡಿ, ಏನೂ ಆಗುವುದಿಲ್ಲ ಎಂದು ನಾನು ಜಗಳವನ್ನೇ ಆಡಿದೆ. “ಮಗುವಿನ ಶಾಲೆ ವಿಷಯ, ಬೇಡ” ಎಂದು ಮುಖ ತಿರುಗಿಸಿದರು. ಮಗಳೂ ಕರೆಯುವುದನ್ನು ಬಿಟ್ಟಳು. ನೀರು ಬೇಕಾದರೂ ಈಗ ಅಜ್ಜನ ಹತ್ತಿರ ‘ಪಾನಿ’ ಎನ್ನುತ್ತಾಳೆ.

ಮೊನ್ನೆ ಪಾಲಕರ ಸಭೆಯಲ್ಲಿ ಟೀಚರ್ ಅವಳ ಓದನ್ನು ಬಾಯ್ತುಂಬ ಹೊಗಳಿದರು. ಉಚ್ಚಾರ ಈಗ ಎಷ್ಟು ಕ್ಲೀನ್ ಎಂದರು. ಕೊಳೆಯನ್ನು ತೊಳೆದ ಹಾಗೆ. ನನಗೆ ಅಲ್ಲಿ ಕೂರಲಾಗಲಿಲ್ಲ. ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಕಾಯುತ್ತಿದ್ದರು.

“ಎಂತ ಹೇಳಿದ್ರು ಟೀಚರು?”

“ಚೆಂದ ಓದ್ತಾಳಂತೆ ಮಾವ.”

ಅವರ ಮುಖ ಅರಳಿತು. ನಿಜವಾದ ಖುಷಿಯಿಂದಲೇ ಹೇಳಿದರು: “ನೋಡು, ನಾನು ಬಾಯಿ ಮುಚ್ಚಿ ಕೂತದ್ದು ಒಳ್ಳೆದಾಯ್ತು.”