ಸರ್ವೋತ್ತಮಣ್ಣನ ಹಸಿರು ಚೌಕ

ಮಣಿಪಾಲದ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿ ಸರ್ವೋತ್ತಮಣ್ಣನದು. ಕಾಪುವಿನವರು. ಸರ್ವರ್ ಬದಿಯ ಪ್ರೋಗ್ರಾಂ ಬರೆಯುತ್ತಲೇ ಕೂದಲು ನರೆತ ಮನುಷ್ಯ. ಅವರ ಪ್ರಕಾರ ಲೋಕದ ಸತ್ಯವೆಲ್ಲ ಇರುವುದು ಲೆಕ್ಕ ಇಡುವ ಸರ್ವರಿನಲ್ಲಿ. ಜನರ ಮೊಬೈಲಿನಲ್ಲಿ ಕಾಣುವುದು ಬರೀ ಪೌಡರು, ಲಿಪ್‌ಸ್ಟಿಕ್ಕು. ಪುಟದಲ್ಲಿ ಏನಾದರೂ ಒತ್ತಿದರೆ ಅದು ಒಮ್ಮೆ ಪೂರ್ತಿ ಬಿಳುಪಾಗಬೇಕು, ಸರ್ವರನ್ನು ಕೇಳಿಕೊಂಡು ಬರಬೇಕು. ಅಷ್ಟು ಹೊತ್ತು ಕಾಯಲಾಗದವನಿಗೆ ವೆಬ್‌ಸೈಟ್ ಯಾಕೆ ಎಂದು ಅವರ ವಾದ. ಇದನ್ನು ದಿನಾ ಕೇಳಿ ಕೇಳಿ ನನಗೆ ಸಾಕುಬೇಕಾಗಿತ್ತು.

ಕಾಪುವಿನ ಒಂದು ಮದುವೆ ಹಾಲಿನವರು ಹಾಲ್ ಬುಕ್ ಮಾಡುವ ಹೊಸ ಪುಟ ಕೇಳಿದಾಗ ಸರ್ವೋತ್ತಮಣ್ಣನ ಗ್ರಹಚಾರ ಶುರುವಾಯಿತು. ಹಾಲಿನ ಮ್ಯಾನೇಜರ್ ಎಡ್ವಿನ್ ಬಂದು ಕೂತು, "ಈಗಿನವರಿಗೆ ಕಾಯ್ಲಿಕ್ಕೆ ಆಗುವುದಿಲ್ಲ ಸರ್ವೋತ್ತಮಣ್ಣ. ದಿನ ಒತ್ತಿದ ಕೂಡಲೇ ಹಸಿರಾಗಬೇಕು" ಎಂದ.

ಇದಕ್ಕೆ ಹೊಸ ಕಾಲದ ಉಪಾಯವೊಂದಿದೆ. ಒತ್ತಿದ ಕೂಡಲೇ ಆ ದಿನದ ಚೌಕವನ್ನು ಹಸಿರು ಮಾಡಿ ಗಿರಾಕಿಯನ್ನು ಖುಷಿಪಡಿಸುವುದು, ಸರ್ವರನ್ನು ಹಿಂದಿನಿಂದ ಮೆಲ್ಲಗೆ ಕೇಳುವುದು. ಸರ್ವರ್ ಆಗುವುದಿಲ್ಲ ಎಂದರೆ ಚೌಕವನ್ನು ಕೆಂಪು ಮಾಡಿ ಕ್ಷಮೆ ಕೇಳುವುದು. ಸರ್ವೋತ್ತಮಣ್ಣ ಮೂಗು ಮುರಿಯುತ್ತಲೇ ಹಸಿರಿನ ಭಾಗ ಬರೆದರು. ಕೆಂಪಿನದು ಬಾಕಿ ಉಳಿಯಿತು. ನೆನಪಿಸಿದರೆ, "ಅದೆಲ್ಲ ಶೃಂಗಾರದ ಕೆಲಸ ಮಾರಾಯ, ಮತ್ತೆ ಮಾಡುವ" ಎಂದರು. ಹೇಳಿದೆ ನಾನು. ಕೇಳಿದರೆ ತಾನೇ?

ಪುಟ ಊರಿಗೆ ತೆರೆದ ಹೊತ್ತಿಗೇ ಅವರ ಮಗಳು ಮೋಕ್ಷಾಳಿಗೆ ಸಂಬಂಧ ಕೂಡಿಬಂತು. ಹುಡುಗ ಕಾರ್ಕಳದವನು, ಕೆಲಸ ಮಸ್ಕತ್‌ನಲ್ಲಿ. ರಜೆ ಸಿಗುವುದು ಮೇ ತಿಂಗಳಲ್ಲಿ ಮಾತ್ರ. ಜೋಯಿಸರು ತೆಗೆದ ದಿನ ಎರಡನೆಯ ಭಾನುವಾರ. ಆ ದಿನಕ್ಕೆ ಹಾಲ್ ಸಿಗಲೇಬೇಕು. ಬೆಳಿಗ್ಗೆ ಪುಟ ತೆರೆದಾಗ ದಿನ ಖಾಲಿ ಇತ್ತು. ಹೆಂಡತಿ ಸ್ವರ್ಣಲತಾಳನ್ನು ಕೇಳಿ, ಬೀಗರನ್ನು ಕೇಳಿ, ಮಧ್ಯಾಹ್ನ ಊಟ ಮುಗಿಸಿ ಬಂದು, ಬೆಳಿಗ್ಗೆ ತೆರೆದಿಟ್ಟಿದ್ದ ಅದೇ ಪುಟದಲ್ಲಿ ಒತ್ತಿದರು. ಚೌಕ ಹಸಿರಾಯಿತು. ಪೌಡರು, ಲಿಪ್‌ಸ್ಟಿಕ್ಕು ಎನ್ನುತ್ತಿದ್ದ ಮನುಷ್ಯ ಲ್ಯಾಪ್‌ಟಾಪ್ ಎತ್ತಿಕೊಂಡು ಕಚೇರಿಯ ಎಲ್ಲರಿಗೂ ಆ ಹಸಿರು ತೋರಿಸಿ ಬಂದರು. ಸರ್ವರಿನಲ್ಲಿ ಏನಿದೆ ಎಂದು ಒಮ್ಮೆ ನೋಡಲಿಲ್ಲ.

ಮದುವೆ ಕಾಗದ ಅಚ್ಚಾಯಿತು. ಮೊದಲ ಕಾಗದ ದೇವರ ಮುಂದಿಟ್ಟು, ಅಲಂಕಾರದ ಬಗ್ಗೆ ಮಾತಾಡಲು ಹಾಲಿಗೆ ಹೋದರು. ನಾನೂ ಜೊತೆಗಿದ್ದೆ. ಕಾಗದ ಓದಿದ ಎಡ್ವಿನ್ ತಲೆ ಕೆರೆದುಕೊಂಡ.

"ಆ ಭಾನುವಾರ ಎರ್ಮಾಳಿನ ಹರಿಣಾಕ್ಷಿಯಕ್ಕನ ಮಗಳ ಮದುವೆ ಉಂಟಲ್ಲ."

ಹರಿಣಾಕ್ಷಿಯಕ್ಕ ಮೀನು ಮಾರುವವರು. ಸರ್ವೋತ್ತಮಣ್ಣ ಬೀಗರನ್ನು ಕೇಳುತ್ತಿದ್ದ ಹೊತ್ತಿಗೆ ಆಕೆ ಎಡ್ವಿನ್‌ಗೆ ಫೋನ್ ಮಾಡಿದ್ದರು. ಅವನು ಹಾಲಿನ ಕಂಪ್ಯೂಟರಿನಲ್ಲಿ ತಾನು ಬಳಸುವ ಹಳೆಯ ಪುಟದಲ್ಲಿ ಬರೆದುಕೊಂಡಿದ್ದ. ಬಿಳುಪಾಗಿ, ಕೇಳಿಕೊಂಡು ಬರುವ ಆ ಪುಟವೂ ಸರ್ವೋತ್ತಮಣ್ಣನದೇ. ಮಧ್ಯಾಹ್ನ ಇವರು ಒತ್ತಿದಾಗ ಸರ್ವರ್ ಆಗುವುದಿಲ್ಲ ಎಂದೇ ಹೇಳಿತ್ತು. ಅದನ್ನು ಕೇಳಿಸಿಕೊಂಡು ಕೆಂಪಾಗಬೇಕಾದ ಭಾಗವನ್ನು ಇವರು ಬರೆದೇ ಇರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಎಡ್ವಿನ್ ದನಿ ತಗ್ಗಿಸಿದ. "ಅವರದ್ದು ಇನ್ನೂ ಕಾಗದ ಆಗಲಿಲ್ಲ. ನಾನೆಂತ ಹೇಳುವುದು? ಸರ್ವರ್ ನಿಮ್ಮ ಕೈಯಲ್ಲೇ ಉಂಟಲ್ವಾ."

ಮನೆಯಲ್ಲಿ ಸ್ವರ್ಣಲತಾ ಸುತ್ತಿ ಬಳಸಿ ಹೇಳಲಿಲ್ಲ. "ಒಂದು ಸಾಲು ಅಳಿಸಿದರೆ ಮುಗಿಯಿತಲ್ಲ. ಹೆತ್ತ ಮಗಳಿಗಿಂತ ನಿಮಗೆ ಆ ಯಂತ್ರ ಹೆಚ್ಚಾಯಿತಾ?" ಎಂದು ಕೇಳಿದಳಂತೆ. ನಾನಾಗಿದ್ದರೆ ಅಳಿಸಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಮರುದಿನ ಕಚೇರಿಯಲ್ಲಿ ಸರ್ವರನ್ನು ಕದ್ದು ನೋಡಿದೆ. ಹರಿಣಾಕ್ಷಿಯಕ್ಕನ ಹೆಸರು ಇದ್ದಲ್ಲಿಯೇ ಇತ್ತು.

ಬನ್ನಂಜೆ, ಅಂಬಲಪಾಡಿ ಎಲ್ಲ ಸುತ್ತಿದರೂ ಆ ದಿನಕ್ಕೆ ಬೇರೆ ಹಾಲ್ ಸಿಗಲಿಲ್ಲ. ಮದುವೆ ಮನೆಯಂಗಳದ ಚಪ್ಪರದಲ್ಲೇ ಆಯಿತು. ಸೆಕೆಯಲ್ಲಿ ಬೀಗರು ಮದುವೆ ಕಾಗದದಿಂದಲೇ ಗಾಳಿ ಹಾಕಿಕೊಂಡರು. ಅದರಲ್ಲಿ ಹಾಲಿನ ಹೆಸರಿನ ಮೇಲೆ ಚೀಟಿ ಅಂಟಿಸಿತ್ತು. ನಮ್ಮ ಕಚೇರಿಯವರಿಗೆ ಮಾತ್ರ ಸರ್ವೋತ್ತಮಣ್ಣ ಈಗ ಧರ್ಮರಾಯ. ಡೇಟಾಬೇಸ್ ಮುಟ್ಟದ ಮಹಾತ್ಮ ಎಂದು ಪಂಕ್ತಿಯಲ್ಲೆಲ್ಲ ಅದೇ ಮಾತು.

ನಾನೂ ಹೊಗಳೋಣವೆಂದು ಹತ್ತಿರ ಹೋದೆ. ಅವರು ಸಾರಿನ ಬಕೆಟ್ ಕೆಳಗಿಟ್ಟರು. ಕಣ್ಣು ತುಂಬಿತ್ತು.

"ಎಂತ ಧರ್ಮರಾಯ ಮಾರಾಯ, ಅಳಿಸಲಿಕ್ಕೇ ಕೂತಿದ್ದೆ. ಅಳಿಸುವ ಕಮಾಂಡ್ ಬರೆದೂ ಆಗಿತ್ತು, ಎಂಟರ್ ಒತ್ತುವುದೊಂದು ಬಾಕಿ. ಮೋಕ್ಷಾ ಹಿಂದೆ ನಿಂತದ್ದು ನನಗೆ ಗೊತ್ತೇ ಇಲ್ಲ. 'ಪಪ್ಪ, ಹಾಗೆ ಮಾಡಿದರೆ ಮಂಟಪದಲ್ಲಿ ಕೂತು ನಾನು ಇಡೀ ದಿನ ಆ ಹುಡುಗಿಯನ್ನೇ ನೆನೆಸಬೇಕು' ಎಂದಳು."